ಹಳೆ ನೋಡ್, ಹೊಸ ನಿಯಮ: ಕ್ರಿಪ್ಟೊ ಜಾಲಗಳ ಅಪ್‌ಗ್ರೇಡ್ ಬಗ್ಗೆ ಓದುಗರ ಪ್ರಶ್ನೆಗಳು

ಬಿಟ್‌ಕಾಯಿನ್, ಎಥೀರಿಯಮ್‌ಗಳಂಥ ಜಾಲಗಳ ನಿಯಮ ಬದಲಾದಾಗ ಹಳೆಯ ಸಾಫ್ಟ್‌ವೇರ್ ಎಷ್ಟರ ಮಟ್ಟಿಗೆ ಹೊಂದಿಕೊಳ್ಳುತ್ತದೆ ಎಂಬುದರ ಕುರಿತು ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದ ಹಲವು ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿಸಿದ್ದೇವೆ. ನೋಡ್ ಎಂದರೆ ಜಾಲದ ಸಾಫ್ಟ್‌ವೇರ್ ಓಡಿಸುತ್ತ ಬ್ಲಾಕ್‌ಗಳನ್ನು (ವಹಿವಾಟುಗಳ ಕಂತೆಗಳನ್ನು) ಪರಿಶೀಲಿಸುವ ಕಂಪ್ಯೂಟರ್; ಬಿಟ್‌ಕಾಯಿನ್‌ನಲ್ಲಿ ಬ್ಲಾಕ್ ತಯಾರಿಸುವವರು ಮೈನರ್‌ಗಳು.

ಪ್ರಶ್ನೆ: ಬಿಟ್‌ಕಾಯಿನ್ ಕೋರ್ 0.12 ಆವೃತ್ತಿಯ ನೋಡ್ ಒಂದನ್ನು ವರ್ಷಗಳಿಂದ ಹಾಗೇ ಓಡಿಸುತ್ತಿದ್ದೇನೆ. ಹೊಸ ಬ್ಲಾಕ್ ಬಂದ ಕೂಡಲೇ ತೋರಿಸುತ್ತದೆ, ಬ್ಯಾಲೆನ್ಸ್ ಕೂಡ ಸರಿಯಾಗಿದೆ. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಬದಲಿಸಬೇಕು?

ಉತ್ತರ: ನಿಮ್ಮ ನೋಡ್ ಹೊಸ ಬ್ಲಾಕ್‌ಗಳನ್ನು ಒಪ್ಪಿಕೊಳ್ಳುತ್ತಿದೆ, ಆದರೆ ಪೂರ್ತಿಯಾಗಿ ಪರಿಶೀಲಿಸುತ್ತಿಲ್ಲ. ಹೊರನೋಟಕ್ಕೆ ಎರಡೂ ಒಂದೇ ಥರ ಕಾಣುವುದರಿಂದಲೇ ಈ ತೊಂದರೆ ವರ್ಷಗಟ್ಟಲೆ ಗಮನಕ್ಕೆ ಬರುವುದಿಲ್ಲ.

ಒಂದು ವಹಿವಾಟನ್ನೇ ಬಿಡಿಸಿ ನೋಡೋಣ. ಸಹಿಗಳನ್ನು ವಹಿವಾಟಿನ ಮೂಲ ಭಾಗದಿಂದ ಬೇರೆ ಇಡುವ ಸೆಗ್‌ವಿಟ್ ಎಂಬ ಬದಲಾವಣೆ 2017ರ ಆಗಸ್ಟ್ 24ರಂದು, 481,824ನೇ ಬ್ಲಾಕಿನಿಂದ ಜಾರಿಗೆ ಬಂತು. ಒಂದು ಇನ್‌ಪುಟ್ (ಖರ್ಚಾಗುವ ಮೊತ್ತ), ಎರಡು ಔಟ್‌ಪುಟ್ (ಹೊಸದಾಗಿ ಹಂಚಿದ ಮೊತ್ತ) ಇರುವ ಸಾಮಾನ್ಯ ಸೆಗ್‌ವಿಟ್ ವಹಿವಾಟು ಸುಮಾರು 223 ಬೈಟ್ ಇರುತ್ತದೆ. ಇದರಲ್ಲಿ 113 ಬೈಟ್ ಮೂಲ ಭಾಗ. ಉಳಿದ 110 ಬೈಟ್ ವಿಟ್‌ನೆಸ್, ಅಂದರೆ ಸಹಿ ಮತ್ತು ಪಬ್ಲಿಕ್ ಕೀ. ನಿಮ್ಮಂಥ ಹಳೆಯ ನೋಡ್ ಕೇಳಿದಾಗ ಬೇರೆ ನೋಡ್‌ಗಳು ವಿಟ್‌ನೆಸ್ ಕಳಚಿ 113 ಬೈಟ್ ಮಾತ್ರ ಕಳಿಸುತ್ತವೆ. ಖರ್ಚಾಗುತ್ತಿರುವ ಔಟ್‌ಪುಟ್‌ನ ಸ್ಕ್ರಿಪ್ಟ್‌ನಲ್ಲಿ (ಖರ್ಚಿನ ಷರತ್ತು ಬರೆದ ಪುಟ್ಟ ಪ್ರೋಗ್ರಾಂನಲ್ಲಿ) ಇರುವುದು ಒಂದು ಸೊನ್ನೆ ಮತ್ತು 20 ಬೈಟ್‌ನ ಒಂದು ಹ್ಯಾಶ್ (ಪಬ್ಲಿಕ್ ಕೀಯಿಂದ ಲೆಕ್ಕ ಹಾಕಿದ ಗುರುತು), ಅಷ್ಟೇ. ಹಳೆಯ ನಿಯಮದಂತೆ ಅದನ್ನು ಓಡಿಸಿದರೆ ಸ್ಟ್ಯಾಕ್ ಮೇಲೆ ಮೊದಲು ಸೊನ್ನೆ ಬರುತ್ತದೆ, ಅದರ ಮೇಲೆ ಹ್ಯಾಶ್ ಬರುತ್ತದೆ; ತುದಿಯಲ್ಲಿರುವುದು ಸೊನ್ನೆಯಲ್ಲವಾದ್ದರಿಂದ ಫಲಿತಾಂಶ ‘ಸರಿ’. ಸಹಿಯ ಪ್ರಶ್ನೆಯೇ ಏಳುವುದಿಲ್ಲ. ನಿಮ್ಮ ನೋಡ್‌ನ ಲೆಕ್ಕದಲ್ಲಿ ಅದು ಯಾರು ಬೇಕಾದರೂ ಖರ್ಚು ಮಾಡಬಹುದಾದ ಹಣ. ಸಹಿ ನೋಡುವ ಕೆಲಸವನ್ನು ಹೊಸ ನೋಡ್‌ಗಳೂ ಮೈನರ್‌ಗಳೂ ಮಾಡುತ್ತಿದ್ದಾರೆ, ನೀವು ಅವರ ಮೇಲೆ ನಂಬಿಕೆ ಇಟ್ಟು ಕುಳಿತಿದ್ದೀರಿ.

ಹೊಸ ಬಗೆಯ ಸಹಿ ತಂದ ಟ್ಯಾಪ್‌ರೂಟ್ ಎಂಬ ಬದಲಾವಣೆಗೂ ಇದೇ ಮಾತು. ಅದು 2021ರ ನವೆಂಬರ್ 14ರಂದು 709,632ನೇ ಬ್ಲಾಕಿನಲ್ಲಿ ಜಾರಿಯಾಯಿತು, 0.21.1ಕ್ಕಿಂತ ಹಿಂದಿನ ಆವೃತ್ತಿಗಳು ಟ್ಯಾಪ್‌ರೂಟ್ ಸಹಿಗಳನ್ನು ನೋಡದೆಯೇ ಮುಂದೆ ಬಿಡುತ್ತವೆ.

ಇದರಿಂದ ಆಗುವ ಹಾನಿ ಬರೀ ಊಹೆಯಲ್ಲ. ಸಹಿಯ ಬರವಣಿಗೆಯ ರೂಪವನ್ನು ಬಿಗಿ ಮಾಡಿದ ಬಿಪ್ 66 (ಬಿಪ್ ಎಂದರೆ ಬಿಟ್‌ಕಾಯಿನ್ ಸುಧಾರಣಾ ಪ್ರಸ್ತಾವ) ಜಾರಿಗೆ ಬಂದ ಕೂಡಲೇ, 2015ರ ಜುಲೈ 4ರಂದು, ಅಪ್‌ಗ್ರೇಡ್ ಆಗಿರದ ಮೈನರ್ ಒಬ್ಬರು 363,731ನೇ ಬ್ಲಾಕನ್ನು ಹಳೆಯ ಆವೃತ್ತಿ ಸಂಖ್ಯೆಯಲ್ಲೇ ತಯಾರಿಸಿದರು. ಹೊಸ ನಿಯಮದ ಪ್ರಕಾರ ಅದು ಅಸಿಂಧು. ಆದರೆ ‘ನಾವು ಸಿದ್ಧ’ ಎಂದು ಸೂಚಿಸಿದ್ದ ದೊಡ್ಡ ಪೂಲ್‌ಗಳು (ಮೈನರ್‌ಗಳ ಗುಂಪುಗಳು) ಸಮಯ ಉಳಿಸಲು ಬ್ಲಾಕಿನ ಒಳಗನ್ನು ನೋಡದೆ ಬರೀ ಹೆಡರ್ (ಬ್ಲಾಕಿನ ತಲೆಬರಹ ಭಾಗ) ಮೇಲೆ ಮೈನಿಂಗ್ ಮಾಡುತ್ತಿದ್ದವು. ಅಸಿಂಧು ಸರಪಳಿ ಆರು ಬ್ಲಾಕ್ ಉದ್ದ ಬೆಳೆಯಿತು. ಹಳೆಯ ನೋಡ್‌ಗಳಲ್ಲೂ ಬರೀ ಹೆಡರ್ ನೋಡುವ ಹಗುರ ವಾಲೆಟ್‌ಗಳಲ್ಲೂ ಆರು ಕನ್‌ಫರ್ಮೇಶನ್ (ವಹಿವಾಟು ಸೇರಿದ ಬ್ಲಾಕೂ ಅದರ ಮೇಲೆ ಬಂದವೂ ಸೇರಿ ಆರು) ಕಂಡಿತು. ಆಮೇಲೆ ಆ ಆರೂ ಬ್ಲಾಕ್ ಬಿದ್ದುಹೋದವು. ಅಂಥ ವಾಲೆಟ್ ಇರುವವರು ಎಂದಿಗಿಂತ 30 ಕನ್‌ಫರ್ಮೇಶನ್ ಹೆಚ್ಚು ಕಾಯಬೇಕೆಂದು ಆಗ ಸೂಚನೆ ಕೊಡಬೇಕಾಯಿತು. ಆ ಹೊತ್ತಿನಲ್ಲಿ ಪಾವತಿ ಬಂತೆಂದು ನಂಬಿ ಸರಕು ಕೊಟ್ಟವರ ಸ್ಥಿತಿ ಏನಾಗಬಹುದಿತ್ತು ಯೋಚಿಸಿ.

ಈಗ ಅಪ್‌ಗ್ರೇಡ್ ಮಾಡುವ ಬಗೆ. ಮೊದಲು ಸ್ಟಾಪ್ ಆಜ್ಞೆ ಕೊಟ್ಟು ಪ್ರೋಗ್ರಾಂ ತಾನಾಗಿ ಮುಗಿಯುವವರೆಗೆ ಕಾಯಿರಿ. ನಡುವೆ ಬಲವಂತವಾಗಿ ನಿಲ್ಲಿಸಿದರೆ ಡೇಟಾಬೇಸ್ ಕೆಡಬಹುದು. ವಾಲೆಟ್ ಫೈಲನ್ನು ಎರಡು ಬೇರೆ ಬೇರೆ ಡ್ರೈವ್‌ಗಳಿಗೆ ನಕಲು ಮಾಡಿ. ಹಿಂದೆಂದೋ ತೆಗೆದಿಟ್ಟ ಬ್ಯಾಕಪ್ ಇದೆ ಎಂದು ಸುಮ್ಮನಿರಬೇಡಿ. 0.12ರ ವಾಲೆಟ್ ಒಂದೇ ಬೀಜದಿಂದ ಕೀಗಳನ್ನು ಹುಟ್ಟಿಸುವ ಬಗೆಯದಲ್ಲ, ಮುಂಗಡವಾಗಿ 100 ಕೀಗಳನ್ನಷ್ಟೇ ಮಾಡಿಟ್ಟುಕೊಳ್ಳುತ್ತದೆ. ಹಳೆಯ ಬ್ಯಾಕಪ್‌ನ ನಂತರ ಅಷ್ಟು ಕೀಗಳು ಬಳಕೆಯಾಗಿದ್ದರೆ ಆಮೇಲಿನವು ಅದರಲ್ಲಿ ಇರುವುದಿಲ್ಲ. ಹೊಸ ಆವೃತ್ತಿಯನ್ನು ಇಳಿಸಿಕೊಂಡ ಮೇಲೆ ಹ್ಯಾಶ್ ಪಟ್ಟಿಯನ್ನೂ ಅದರ ಮೇಲಿನ ಸಹಿಯನ್ನೂ ಹೋಲಿಸಿ ನೋಡಿ.

ಹಳೆಯ ಬ್ಲಾಕ್ ಫೈಲ್‌ಗಳನ್ನು ಉಳಿಸಿಕೊಳ್ಳುವ ಆಸೆ ಬೇಡ. 481,824ರ ನಂತರದ ಬ್ಲಾಕ್‌ಗಳು ನಿಮ್ಮಲ್ಲಿ ವಿಟ್‌ನೆಸ್ ಇಲ್ಲದೆ ಬಿದ್ದಿವೆ, ಹೊಸ ಆವೃತ್ತಿಗೆ ಅವು ಕೆಲಸಕ್ಕೆ ಬಾರವು. ಖರ್ಚಾಗದ ಔಟ್‌ಪುಟ್‌ಗಳ ಡೇಟಾಬೇಸ್ ರೂಪವೂ 0.15ರಲ್ಲಿ ಬದಲಾಗಿದೆ. ಖಾಲಿ ಫೋಲ್ಡರ್ ಕೊಟ್ಟು ಮೊದಲಿನಿಂದ ಸಿಂಕ್ ಮಾಡುವುದೇ ನೆಟ್ಟಗಿನ ದಾರಿ. ಅದಕ್ಕೆ 600 ಜಿಬಿಗೂ ಹೆಚ್ಚು ಜಾಗ ಬೇಕು. ಪ್ರೂನ್ ಮಾಡಿ ಜಾಗ ಉಳಿಸಬಹುದು, ಆದರೆ ವಾಲೆಟ್ ತರುವ ಮುಂಚೆ ಮಾಡಬೇಡಿ. ಹಳೆಯ ಬ್ಲಾಕ್‌ಗಳು ಅಳಿಸಿಹೋದ ನೋಡ್‌ನಲ್ಲಿ ನಿಮ್ಮ ಹಳೆಯ ವಾಲೆಟ್ ತನ್ನ ಜಮಾ-ಖರ್ಚನ್ನು ಮರಳಿ ಹುಡುಕಲಾಗದೆ ದೋಷ ತೋರಿಸಿ ನಿಲ್ಲುತ್ತದೆ.

ಸಿಂಕ್ ಮುಗಿದ ಮೇಲೆ ವಾಲೆಟ್. ಹಳೆಯ ಬರ್ಕ್ಲಿ ಡಿಬಿ ರೂಪದ ವಾಲೆಟ್‌ಗಳನ್ನು 30ನೇ ಆವೃತ್ತಿ ನೇರವಾಗಿ ತೆರೆಯುವುದಿಲ್ಲ; ‘ಮೈಗ್ರೇಟ್‌ವಾಲೆಟ್’ ಆಜ್ಞೆಯಿಂದ ಡಿಸ್ಕ್ರಿಪ್ಟರ್ ಎಂಬ ಹೊಸ ರೂಪಕ್ಕೆ ಬದಲಿಸಬೇಕು. ಪಾಸ್‌ಫ್ರೇಸ್ ಹಾಕಿದ್ದರೆ ಅದನ್ನೂ ಕೊಡಬೇಕು. ಕೀ ಇಲ್ಲದೆ ಬರೀ ನೋಡಲೆಂದು ಸೇರಿಸಿಕೊಂಡ ವಿಳಾಸಗಳು ಇದ್ದರೆ ಅವು ಪ್ರತ್ಯೇಕ ವಾಲೆಟ್ ಆಗಿ ಹೊರಬರುತ್ತವೆ. ಆಗ ಮುಖ್ಯ ವಾಲೆಟ್‌ನಲ್ಲಿ ಮೊತ್ತ ಕಡಿಮೆ ಕಂಡರೆ ಗಾಬರಿ ಬೇಡ, ಎರಡನ್ನೂ ತೆರೆದು ನೋಡಿ.

ಪ್ರಶ್ನೆ: ಸಾಫ್ಟ್ ಫೋರ್ಕ್, ಹಾರ್ಡ್ ಫೋರ್ಕ್‌ಗಳ ವ್ಯತ್ಯಾಸವನ್ನು ಒಂದೆರಡು ಮಾತಿನಲ್ಲಿ ಹೇಳಿ. ಸಾಫ್ಟ್ ಫೋರ್ಕ್ ನಿಯಮ ಬಿಗಿ ಮಾಡುತ್ತದೆ ಎನ್ನುತ್ತಾರೆ. ಹಾಗಿದ್ದರೆ ಸೆಗ್‌ವಿಟ್‌ನಿಂದ ಬ್ಲಾಕ್ 1 ಎಂಬಿಗಿಂತ ದೊಡ್ಡದಾದದ್ದು ಹೇಗೆ?

ಉತ್ತರ: ಹೊಸ ನಿಯಮಕ್ಕೆ ಸರಿಹೊಂದುವ ಬ್ಲಾಕ್‌ಗಳೆಲ್ಲ ಹಳೆಯ ನಿಯಮಕ್ಕೂ ಸರಿಹೊಂದಿದರೆ ಅದು ಸಾಫ್ಟ್ ಫೋರ್ಕ್. ಹಳೆಯ ನಿಯಮ ತಿರಸ್ಕರಿಸುವ ಬ್ಲಾಕ್ ಹೊಸ ನಿಯಮದಲ್ಲಿ ಸಲ್ಲುವಂತಿದ್ದರೆ ಅದು ಹಾರ್ಡ್ ಫೋರ್ಕ್. ಅಪ್‌ಗ್ರೇಡ್ ಆಗದ ನೋಡ್ ಆ ಬ್ಲಾಕಿಗೇ ನಿಂತುಬಿಡುತ್ತದೆ, ಅಥವಾ ಹಳೆಯ ನಿಯಮದ ಮೈನರ್‌ಗಳು ಉಳಿದಿದ್ದರೆ ಬೇರೆ ಸರಪಳಿ ಹಿಡಿಯುತ್ತದೆ.

ಸೆಗ್‌ವಿಟ್ ಬ್ಲಾಕಿಗೆ ಈಗಿನ ಮಿತಿ 40 ಲಕ್ಷ ‘ವೆಯ್ಟ್’ ಘಟಕಗಳು. ಮೂಲ ಭಾಗದ ಪ್ರತಿ ಬೈಟ್‌ಗೆ 4, ವಿಟ್‌ನೆಸ್‌ನ ಪ್ರತಿ ಬೈಟ್‌ಗೆ 1. ಮೇಲೆ ಹೇಳಿದ ವಹಿವಾಟಿನಲ್ಲಿ 113ನ್ನು ನಾಲ್ಕರಿಂದ ಗುಣಿಸಿ 110 ಕೂಡಿದರೆ 562. ನಾಲ್ಕರಿಂದ ಭಾಗಿಸಿದರೆ 140.5, ಅಂದರೆ 141 ವರ್ಚುವಲ್ ಬೈಟ್. ವಾಲೆಟ್ ಶುಲ್ಕ ಲೆಕ್ಕ ಹಾಕುವುದು ಇದರ ಮೇಲೆ. ಬ್ಲಾಕ್ ಎಷ್ಟೇ ತುಂಬಿದ್ದರೂ ವಿಟ್‌ನೆಸ್ ಕಳಚಿದ ಮೇಲೆ ಉಳಿಯುವುದು 10 ಲಕ್ಷ ಬೈಟ್ ಮೀರುವುದಿಲ್ಲ, ಯಾಕೆಂದರೆ ಅದನ್ನು ನಾಲ್ಕರಿಂದ ಗುಣಿಸಿಯೇ ಮಿತಿ ಹಾಕಿದ್ದಾರೆ. ಹಳೆಯ ನೋಡ್ ನೋಡುವುದು ಆ ಕಳಚಿದ ಬ್ಲಾಕನ್ನು ಮಾತ್ರ. ಅದರ ಮಟ್ಟಿಗೆ ಯಾವ ಮಿತಿಯೂ ಮುರಿದಿಲ್ಲ.

ಪ್ರಶ್ನೆ: ಶೇ 95 ಮೈನರ್‌ಗಳು ಒಪ್ಪಿದರೆ ಬದಲಾವಣೆ ಜಾರಿ ಎಂದು ಓದಿದ್ದೇನೆ. ಈ ಒಪ್ಪಿಗೆಯನ್ನು ನಾವೇ ನೋಡಬಹುದೆ? ಇದು ಒಂದು ಮತದಾನವೆ?

ಉತ್ತರ: ನೋಡಬಹುದು. ಪ್ರತಿ ಬ್ಲಾಕಿನ ಹೆಡರ್‌ನಲ್ಲಿ 32 ಬಿಟ್‌ಗಳ ಆವೃತ್ತಿ ಸಂಖ್ಯೆ ಇದೆ. ಬಿಪ್ 9ರ ಪ್ರಕಾರ ಮೇಲಿನ ಮೂರು ಬಿಟ್ 001 ಇರಬೇಕು. ಉಳಿದ 29ರಲ್ಲಿ ಒಂದೊಂದು ಬಿಟ್ ಒಂದೊಂದು ಪ್ರಸ್ತಾವಕ್ಕೆ. ಹೆಕ್ಸಾಡೆಸಿಮಲ್‌ನಲ್ಲಿ ಖಾಲಿ ಸಂಖ್ಯೆ 20000000. ಸೆಗ್‌ವಿಟ್‌ಗೆ 1ನೇ ಬಿಟ್ ಕೊಟ್ಟಿದ್ದರಿಂದ 20000002, ಟ್ಯಾಪ್‌ರೂಟ್‌ಗೆ 2ನೇ ಬಿಟ್ ಕೊಟ್ಟಿದ್ದರಿಂದ 20000004 ಕಾಣುತ್ತಿತ್ತು. ಲೆಕ್ಕ 2,016 ಬ್ಲಾಕ್‌ಗಳ ಕಂತುಗಳಲ್ಲಿ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ. ಶೇ 95 ಎಂದರೆ 1,916 ಬ್ಲಾಕ್. ಟ್ಯಾಪ್‌ರೂಟ್‌ಗೆ ಶೇ 90 ಸಾಕೆಂದು, 1,815 ಬ್ಲಾಕ್ ಇಟ್ಟಿದ್ದರು. ಕೋರ್ 23.0ರಿಂದ ‘ಗೆಟ್‌ಡಿಪ್ಲಾಯ್‌ಮೆಂಟ್‌ಇನ್ಫೋ’ ಆಜ್ಞೆ ಈ ಸ್ಥಿತಿಯನ್ನೆಲ್ಲ ತೋರಿಸುತ್ತದೆ. 13ರಿಂದ 28ರವರೆಗಿನ ಬಿಟ್‌ಗಳು ಚೆಲ್ಲಾಪಿಲ್ಲಿಯಾಗಿ ಬದಲಾಗುವುದು ಕಂಡರೆ ಹೊಸ ನಿಯಮವೇನೋ ಬಂತೆಂದು ತಿಳಿಯಬೇಡಿ. ಮೈನಿಂಗ್ ಯಂತ್ರಗಳು ಆ ಜಾಗವನ್ನು ತಮ್ಮ ಹುಡುಕಾಟಕ್ಕೆ ಬಳಸಿಕೊಳ್ಳುತ್ತವೆ.

ಮತದಾನ ಎನ್ನುವುದು ತಪ್ಪು. ಅದು ‘ಹೊಸ ನಿಯಮವನ್ನು ಪರಿಶೀಲಿಸಲು ನಮ್ಮ ಯಂತ್ರ ಸಿದ್ಧ’ ಎಂಬ ಸೂಚನೆ ಮಾತ್ರ, ಅದೂ ಸುಳ್ಳಾಗಿರಬಹುದು. 2015ರ ಜುಲೈನಲ್ಲಿ ನಡೆದದ್ದು ಅದೇ: ಹೊಸ ಆವೃತ್ತಿ ಸಂಖ್ಯೆ ಹಾಕಿದ್ದರು, ಪರಿಶೀಲನೆ ಇರಲಿಲ್ಲ. ಟ್ಯಾಪ್‌ರೂಟ್‌ನಲ್ಲಿ ಮಾಡಿದ ಕ್ರಮ ನಮಗೆ ಹೆಚ್ಚು ಸರಿಯೆನಿಸುತ್ತದೆ. 2021ರ ಜೂನ್‌ನಲ್ಲಿ ಒಪ್ಪಿಗೆ ಖಚಿತವಾದರೂ ಜಾರಿಯನ್ನು ನವೆಂಬರ್‌ಗೆ ಇಟ್ಟು, ನೋಡ್ ನಡೆಸುವವರಿಗೆ ಐದು ತಿಂಗಳು ಕೊಟ್ಟರು. ಸೂಚನೆ ಕೊಡುವವರು ಮೈನರ್‌ಗಳಾದರೂ ನಿಯಮ ಗಟ್ಟಿಯಾಗುವುದು ಹಣ ಪಡೆಯುವವರ ನೋಡ್‌ಗಳಲ್ಲಿ.

ಪ್ರಶ್ನೆ: ನಿಯಮ ಒಂದಕ್ಷರವೂ ಬದಲಾಗದೆ, ಬರೀ ಡೇಟಾಬೇಸ್ ಬದಲಿಸಿದ್ದಕ್ಕೆ ಬಿಟ್‌ಕಾಯಿನ್ ಜಾಲ ಎರಡಾಯಿತು ಎಂದು ಕೇಳಿದ್ದೇನೆ. ಇದು ಸಾಧ್ಯವೆ?

ಉತ್ತರ: ಸಾಧ್ಯ, ಆಗಿದೆ. 0.7ರವರೆಗಿನ ಆವೃತ್ತಿಗಳು ಬರ್ಕ್ಲಿ ಡಿಬಿ ಬಳಸುತ್ತಿದ್ದವು, 0.8 ಲೆವೆಲ್‌ಡಿಬಿಗೆ ಬದಲಾಯಿತು. ಬರ್ಕ್ಲಿ ಡಿಬಿ ಒಂದು ಬ್ಲಾಕನ್ನು ಬರೆದುಕೊಳ್ಳುವಾಗ ಮುಟ್ಟುವ ಪುಟಗಳಿಗೆಲ್ಲ ಬೀಗ ಹಾಕುತ್ತದೆ; ಆ ಬೀಗಗಳ ಮಿತಿಯನ್ನು 10,000 ಎಂದು ಇಟ್ಟಿದ್ದರು. ಇದೊಂದು ನಿಯಮವೆಂದು ಯಾರೂ ಅಂದುಕೊಂಡಿರಲಿಲ್ಲ. 2013ರ ಮಾರ್ಚ್‌ನಲ್ಲಿ 225,430ನೇ ಬ್ಲಾಕ್, ಅದುವರೆಗೆ ಕಾಣದಷ್ಟು ಇನ್‌ಪುಟ್‌ಗಳೊಂದಿಗೆ ಬಂತು. 0.8 ಅದನ್ನು ಒಪ್ಪಿತು. 0.7 ನೋಡ್‌ಗಳಲ್ಲಿ ಬೀಗ ಮುಗಿದು, ಬ್ಲಾಕ್ ಅಸಿಂಧು ಎಂದು ತಳ್ಳಿಬಿಟ್ಟವು. ಡಿಸ್ಕ್ ಮೇಲೆ ಪುಟಗಳು ಹೇಗೆ ಹಂಚಿಕೊಂಡಿವೆ ಎಂಬುದರ ಮೇಲೆ ಬೀಗಗಳ ಸಂಖ್ಯೆ ನಿಂತಿದ್ದರಿಂದ 0.7ರಲ್ಲೂ ಕೆಲವು ನೋಡ್ ಒಪ್ಪಿದವು, ಕೆಲವು ಒಪ್ಪಲಿಲ್ಲ.

ಹ್ಯಾಶ್ ಪವರ್‌ನ, ಅಂದರೆ ಮೈನಿಂಗ್ ಸಾಮರ್ಥ್ಯದ, ಸುಮಾರು ಶೇ 60 ಹೊಸ ಸರಪಳಿಯ ಮೇಲಿತ್ತು. ಹಾಗಿದ್ದೂ ಡೆವಲಪರ್‌ಗಳು ಪೂಲ್‌ಗಳಿಗೆ 0.7ಕ್ಕೆ ಹಿಂದಿರುಗಲು ಹೇಳಿದರು. ಕಾರಣ ಸ್ಪಷ್ಟ: 0.8 ನೋಡ್‌ಗಳು ಎರಡೂ ಸರಪಳಿಯನ್ನು ಒಪ್ಪಬಲ್ಲವು, 0.7 ನೋಡ್‌ಗಳು ಒಂದನ್ನು ಮಾತ್ರ. ಎಲ್ಲರೂ ಕೂಡಿಕೊಳ್ಳಬಹುದಾದ ಜಾಗ ಹಳೆಯ ಸರಪಳಿಯೊಂದೇ. ಹೊಸ ಸರಪಳಿಯ 20ಕ್ಕೂ ಹೆಚ್ಚು ಬ್ಲಾಕ್‌ಗಳು ವ್ಯರ್ಥವಾದವು, ಅವುಗಳನ್ನು ಕಂಡ ಮೈನರ್‌ಗಳು ಅದರ ಪ್ರತಿಫಲ ಬಿಟ್ಟುಕೊಟ್ಟರು. ಆ ಗೊಂದಲದಲ್ಲಿ ಸುಮಾರು 10,000 ಡಾಲರ್‌ನ ಒಂದು ಪಾವತಿ ಎರಡು ಸಲ ಖರ್ಚಾಯಿತು. ಬಳಿಕ ಬಂದ 0.8.1 ದೊಡ್ಡ ಬ್ಲಾಕ್‌ಗಳನ್ನು 2013ರ ಮೇ 15ರವರೆಗೆ ತಡೆದು, ಹಳಬರಿಗೆ ಬದಲಾಗಲು ಕಾಲಾವಕಾಶ ಕೊಟ್ಟಿತು.

ಎಥೀರಿಯಮ್‌ನಲ್ಲೂ ಇಂಥದ್ದೇ ಆಯಿತು. ಗೆತ್ ಎಂಬ ಕ್ಲೈಂಟ್‌ನಲ್ಲಿದ್ದ ಒಂದು ದೋಷವನ್ನು ಹೆಚ್ಚು ಸದ್ದಿಲ್ಲದೆ ಸರಿಪಡಿಸಿದ್ದರು. 2020ರ ನವೆಂಬರ್ 11ರಂದು ಆ ದೋಷವನ್ನು ಮುಟ್ಟುವ ವಹಿವಾಟು ಬಂದಾಗ, ತಿಂಗಳುಗಟ್ಟಲೆ ಅಪ್‌ಗ್ರೇಡ್ ಮಾಡದಿದ್ದ ನೋಡ್‌ಗಳು 11,234,873ನೇ ಬ್ಲಾಕಿನಲ್ಲಿ ಬೇರೆ ದಾರಿ ಹಿಡಿದವು. ಒಂದು ದೊಡ್ಡ ನೋಡ್ ಸೇವೆ ಹಳೆಯ ಆವೃತ್ತಿಯಲ್ಲಿದ್ದುದರಿಂದ, ಅದನ್ನೇ ನೆಚ್ಚಿದ್ದ ಎಷ್ಟೋ ವಾಲೆಟ್‌ಗಳು ಕೆಲಸ ನಿಲ್ಲಿಸಿದವು. ಬಿಡುಗಡೆ ಟಿಪ್ಪಣಿಯಲ್ಲಿ ‘ನಿಯಮ ಬದಲಾವಣೆ ಇಲ್ಲ’ ಎಂದಿದ್ದರೂ ಕೆಲವೇ ವಾರಗಳೊಳಗೆ ಅಪ್‌ಗ್ರೇಡ್ ಮಾಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಪ್ರಶ್ನೆ: ಎಥೀರಿಯಮ್ ವ್ಯಾಲಿಡೇಟರ್ ನಡೆಸುತ್ತಿದ್ದೇನೆ. ಪ್ರತಿ ಹಾರ್ಡ್ ಫೋರ್ಕ್ ಹತ್ತಿರ ಬಂದಾಗಲೂ ಭಯ. ಏನೇನು ನೋಡಿಕೊಳ್ಳಬೇಕು? ತಪ್ಪಿಹೋದರೆ ಏನು ಮಾಡಬೇಕು?

ಉತ್ತರ: ಮೈನಿಂಗ್ ಬಿಟ್ಟು, ಠೇವಣಿ ಇಟ್ಟ ವ್ಯಾಲಿಡೇಟರ್‌ಗಳಿಗೆ ಬ್ಲಾಕಿನ ಕೆಲಸ ಒಪ್ಪಿಸಿದ 2022ರ ಸೆಪ್ಟೆಂಬರ್ 15ರ ಮರ್ಜ್ ನಂತರ ಎಥೀರಿಯಮ್ ನೋಡ್ ಎಂದರೆ ಎರಡು ಪ್ರೋಗ್ರಾಂಗಳ ಜೋಡಿ: ವಹಿವಾಟು ನಡೆಸುವ ಎಕ್ಸಿಕ್ಯೂಶನ್ ಕ್ಲೈಂಟ್ ಮತ್ತು ಯಾವ ಬ್ಲಾಕ್ ಸರಿ ಎಂಬ ಒಮ್ಮತ ನೋಡಿಕೊಳ್ಳುವ ಕನ್ಸೆನ್ಸಸ್ ಕ್ಲೈಂಟ್. ಒಂದನ್ನು ಮಾತ್ರ ಅಪ್‌ಗ್ರೇಡ್ ಮಾಡಿ ಇನ್ನೊಂದನ್ನು ಮರೆಯುವುದೇ ಬಹಳ ಸಲ ಆಗುವ ತಪ್ಪು. ಫೋರ್ಕ್ ಪ್ರಕಟಣೆಯಲ್ಲಿ ಎರಡಕ್ಕೂ ಕನಿಷ್ಠ ಆವೃತ್ತಿ ಕೊಟ್ಟಿರುತ್ತಾರೆ. ವ್ಯಾಲಿಡೇಟರ್ ಕ್ಲೈಂಟ್ ಬೇರೆ ಇದ್ದರೆ, ಎಂಇವಿ-ಬೂಸ್ಟ್ (ಹೊರಗಿನವರು ಕಟ್ಟಿದ ಬ್ಲಾಕ್ ಪಡೆಯುವ ಪ್ರೋಗ್ರಾಂ) ಇದ್ದರೆ ಅವೂ ಆ ಪಟ್ಟಿಯಲ್ಲಿ ಸೇರುತ್ತವೆ.

ಇನ್ನೊಂದು ತಪ್ಪು ಸೂಕ್ಷ್ಮವಾದದ್ದು. ಹೊಸ ಫೈಲ್ ಇನ್‌ಸ್ಟಾಲ್ ಆಗಿರುತ್ತದೆ, ಸರ್ವಿಸ್ ಮರುಪ್ರಾರಂಭ ಆಗಿರುವುದಿಲ್ಲ; ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯದೇ. ಹಾಗಾಗಿ ಡಿಸ್ಕ್ ಮೇಲಿನ ಫೈಲಿನ ಆವೃತ್ತಿ ನೋಡಿ ಸಮಾಧಾನ ಪಡಬೇಡಿ, ಓಡುತ್ತಿರುವ ಕ್ಲೈಂಟ್‌ಗೇ ಆರ್‌ಪಿಸಿ (ಪ್ರೋಗ್ರಾಂಗೆ ಪ್ರಶ್ನೆ ಕೇಳುವ ದಾರಿ) ಮೂಲಕ ಆವೃತ್ತಿ ಕೇಳಿ. ಮರುಪ್ರಾರಂಭದ ನಂತರ ಎರಡೂ ಕ್ಲೈಂಟ್‌ಗಳು ಒಂದನ್ನೊಂದು ಮಾತಾಡಿಸುತ್ತಿವೆಯೇ ನೋಡಿ. ಅವು ಸಾಮಾನ್ಯವಾಗಿ 8551ನೇ ಪೋರ್ಟ್‌ನಲ್ಲಿ, ಒಂದು ಹಂಚಿಕೊಂಡ ರಹಸ್ಯ ಫೈಲ್ ಆಧಾರದ ಮೇಲೆ ಮಾತಾಡುತ್ತವೆ. 401 ದೋಷ ಬಂದರೆ ಎರಡೂ ಕಡೆ ಒಂದೇ ಫೈಲ್ ಇದೆಯೇ ಎಂದು ಮೊದಲು ನೋಡಿ. ಅದು ಸರಿ ಇದ್ದು, ಎರಡೂ ಬೇರೆ ಬೇರೆ ಯಂತ್ರಗಳಲ್ಲಿದ್ದರೆ ಗಡಿಯಾರ ನೋಡಿ. ಸಮಯದ ವ್ಯತ್ಯಾಸ 60 ಸೆಕೆಂಡ್ ಮೀರಿದರೆ ಟೋಕನ್ ತಿರಸ್ಕೃತವಾಗುತ್ತದೆ.

ಅಪ್‌ಗ್ರೇಡ್ ತಪ್ಪಿದ ನೋಡ್ ಫೋರ್ಕ್ ಹಿಂದಿನ ಬ್ಲಾಕಿಗೆ ನಿಂತು, ಒಂದೊಂದಾಗಿ ಪೀರ್‌ಗಳನ್ನು (ಸಂಪರ್ಕದಲ್ಲಿರುವ ಬೇರೆ ನೋಡ್‌ಗಳನ್ನು) ಕಳೆದುಕೊಳ್ಳುತ್ತದೆ. ಪ್ರತಿ ಎಕ್ಸಿಕ್ಯೂಶನ್ ನೋಡ್ ತಾನು ದಾಟಿದ ಫೋರ್ಕ್‌ಗಳನ್ನೆಲ್ಲ ಸೇರಿಸಿ ನಾಲ್ಕು ಬೈಟ್‌ನ ಒಂದು ಫೋರ್ಕ್ ಐಡಿ ಮಾಡಿ ಪೀರ್‌ಗಳಿಗೆ ಹೇಳುತ್ತದೆ; ಹೊಂದದವರ ಸಂಪರ್ಕ ಕಡಿಯುತ್ತದೆ. ಪೀರ್ ಸಂಖ್ಯೆ ಕುಸಿಯುತ್ತಿದ್ದರೆ ನೆಟ್‌ವರ್ಕ್ ಕೇಬಲ್ ಹುಡುಕುವ ಮುನ್ನ ಆವೃತ್ತಿ ನೋಡಿ.

ಹಾಗೆ ನಿಂತರೆ ಆಗುವ ನಷ್ಟ ದೊಡ್ಡದಲ್ಲ. ಆ ಹೊತ್ತಿನಲ್ಲಿ ಗಳಿಸಬಹುದಾಗಿದ್ದಷ್ಟೇ ಮೊತ್ತ ಹೆಚ್ಚುಕಡಿಮೆ ದಂಡವಾಗಿ ಹೋಗುತ್ತದೆ, ಸ್ಲ್ಯಾಶಿಂಗ್ (ಠೇವಣಿಯ ಒಂದು ಪಾಲು ಕಿತ್ತುಕೊಳ್ಳುವ ಶಿಕ್ಷೆ) ಆಗುವುದಿಲ್ಲ. ಸಮಾಧಾನದಿಂದ ಅಪ್‌ಗ್ರೇಡ್ ಮಾಡಿ ಮತ್ತೆ ಶುರುಮಾಡಿ. ಗೆತ್ ಆಗಿದ್ದು, ಫೋರ್ಕ್ ಸಮಯ ದಾಟಿ ಹಳೆಯ ನಿಯಮದಲ್ಲಿ ಮುಂದೆ ಹೋಗಿದ್ದರೆ, ಹೊಸ ಆವೃತ್ತಿ ತಾನೇ ಸರಪಳಿಯನ್ನು ಹಿಂದಕ್ಕೆ ಸುತ್ತಿ ಮತ್ತೆ ಮುಂದೆ ಬರುತ್ತದೆ. ನಿಜವಾಗಿ ಹಣ ಹೋಗುವುದು ಗಾಬರಿಯಲ್ಲಿ ಅದೇ ಕೀಗಳನ್ನು ಇನ್ನೊಂದು ಯಂತ್ರದಲ್ಲಿ ಶುರುಮಾಡಿದಾಗ. ಎರಡೂ ಯಂತ್ರ ಒಂದೇ ಸ್ಲಾಟ್‌ಗೆ (ಒಂದು ಬ್ಲಾಕಿನ ಸರದಿಗೆ) ಬೇರೆ ಬೇರೆ ಸಹಿ ಹಾಕಿದರೆ ಜಾಲ ನಿಮ್ಮನ್ನು ಸ್ಲ್ಯಾಶ್ ಮಾಡಿ ಹೊರಹಾಕುತ್ತದೆ. ಯಂತ್ರ ಬದಲಿಸಲೇಬೇಕಾದರೆ ಹಳೆಯದನ್ನು ನಿಲ್ಲಿಸಿ, ಅದರಿಂದ ಸ್ಲ್ಯಾಶಿಂಗ್ ರಕ್ಷಣೆಯ ದಾಖಲೆಯನ್ನು ರಫ್ತು ಮಾಡಿ ಹೊಸದಕ್ಕೆ ಸೇರಿಸಿ, ಎರಡು ಮೂರು ಎಪಾಕ್ ಕಾದು ಆಮೇಲೆ ಶುರುಮಾಡಿ. ಒಂದು ಎಪಾಕ್ ಎಂದರೆ 32 ಸ್ಲಾಟ್, 6.4 ನಿಮಿಷ. ಇಪ್ಪತ್ತು ನಿಮಿಷದ ಗಳಿಕೆ ಹೋದರೆ ಹೋಗಲಿ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕ್ಲೈಂಟ್‌ನಲ್ಲೇ ತಪ್ಪಿರಬಹುದು. ಪೆಕ್ಟ್ರಾ ಎಂಬ ಅಪ್‌ಗ್ರೇಡ್ ಮುಖ್ಯಜಾಲಕ್ಕೆ 2025ರ ಮೇ 7ರಂದು ಬರುವ ಮುನ್ನ, ಫೆಬ್ರವರಿ 24ರಂದು ಹೋಲೆಸ್ಕಿ ಪರೀಕ್ಷಾಜಾಲದಲ್ಲಿ ಜಾರಿಯಾಯಿತು. ಆ ಜಾಲದ ಠೇವಣಿ ಕಾಂಟ್ರ್ಯಾಕ್ಟ್‌ನ ವಿಳಾಸ ಗೆತ್, ನೆದರ್‌ಮೈಂಡ್, ಬೆಸು ಮೂರರ ಸೆಟ್ಟಿಂಗ್‌ನಲ್ಲೂ ತಪ್ಪಾಗಿತ್ತು. ಬಹುಪಾಲು ವ್ಯಾಲಿಡೇಟರ್‌ಗಳು ಅಸಿಂಧು ಬ್ಲಾಕಿನ ಮೇಲೆ ಸಹಿ ಹಾಕಿದವು, ಜಾಲ ಮತ್ತೆ ಫೈನಲೈಸ್ ಆಗಲು (ಬ್ಲಾಕ್‌ಗಳು ಬದಲಾಗದಂತೆ ಖಚಿತವಾಗಲು) ಎರಡು ವಾರ ಹಿಡಿಯಿತು. ಮುಖ್ಯಜಾಲದಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ವ್ಯಾಲಿಡೇಟರ್‌ಗಳು ಇಂಥ ಒಂದೇ ತಪ್ಪನ್ನು ಮಾಡಿದರೆ ತಪ್ಪು ಸರಪಳಿಯೇ ಫೈನಲೈಸ್ ಆಗುತ್ತದೆ. ಆದ್ದರಿಂದ ಕಡಿಮೆ ಜನ ಬಳಸುವ ಒಳ್ಳೆಯ ಕ್ಲೈಂಟ್ ಆರಿಸಿಕೊಳ್ಳುವುದು ನಿಮಗೂ ಜಾಲಕ್ಕೂ ಒಳಿತು.

ಪ್ರಶ್ನೆ: ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಜಾಲದ ಮೇಲೆ ಓಡುವ ಪ್ರೋಗ್ರಾಂ) ಒಮ್ಮೆ ಜಾಲಕ್ಕೆ ಹಾಕಿದರೆ ಬದಲಾಗದು ಎನ್ನುತ್ತಾರೆ. ಹಾಗಿದ್ದರೂ ಅಪ್‌ಗ್ರೇಡ್ ಆದ ಮೇಲೆ ಹಳೆಯ ಕಾಂಟ್ರ್ಯಾಕ್ಟ್ ಕೆಡಬಹುದೆ?

ಉತ್ತರ: ಕಾಂಟ್ರ್ಯಾಕ್ಟ್‌ನ ಕೋಡ್ ಬದಲಾಗುವುದಿಲ್ಲ, ಅದನ್ನು ಓಡಿಸುವ ಯಂತ್ರದ ದರಪಟ್ಟಿ ಬದಲಾಗುತ್ತದೆ. ಸ್ಟೋರೇಜ್‌ನಿಂದ ಒಂದು ಬೆಲೆ ಓದುವ ಎಸ್‌ಲೋಡ್ ಆಜ್ಞೆಗೆ 200 ಗ್ಯಾಸ್ (ಕೆಲಸದ ವೆಚ್ಚ ಅಳೆಯುವ ಘಟಕ) ಇತ್ತು. 2019ರ ಡಿಸೆಂಬರ್‌ನ ಇಸ್ತಾಂಬುಲ್ ಅಪ್‌ಗ್ರೇಡ್ ಅದನ್ನು 800 ಮಾಡಿತು. 2021ರ ಬರ್ಲಿನ್ ಅಪ್‌ಗ್ರೇಡ್, ಅದೇ ವಹಿವಾಟಿನಲ್ಲಿ ಮೊದಲ ಸಲ ಓದುವುದಕ್ಕೆ 2,100 ಮಾಡಿತು. ಕಾಂಟ್ರ್ಯಾಕ್ಟ್ ಬರೆಯುವ ಭಾಷೆಯಾದ ಸಾಲಿಡಿಟಿಯ ‘ಟ್ರಾನ್ಸ್‌ಫರ್’ ಈಥರ್ ಕಳಿಸುವಾಗ ಸ್ವೀಕರಿಸುವ ಕಾಂಟ್ರ್ಯಾಕ್ಟ್‌ಗೆ ಕೊಡುವುದು 2,300 ಗ್ಯಾಸ್ ಮಾತ್ರ. ಪ್ರಾಕ್ಸಿ ಮಾದರಿಯ (ಕೆಲಸವನ್ನು ಇನ್ನೊಂದಕ್ಕೆ ದಾಟಿಸುವ) ಕಾಂಟ್ರ್ಯಾಕ್ಟ್ ಹಣ ಪಡೆಯುವಾಗ ಒಂದು ಸಲ ಸ್ಟೋರೇಜ್ ಓದಿ, ಒಂದು ಲಾಗ್ ಬರೆಯುತ್ತದೆ ಎಂದಿಟ್ಟುಕೊಳ್ಳಿ. ಮೊದಲು ಆರಾಮವಾಗಿ ಮುಗಿಯುತ್ತಿದ್ದದ್ದು ಈಗ ಗ್ಯಾಸ್ ಸಾಲದೆ ವಿಫಲವಾಗುತ್ತದೆ. ಆದ್ದರಿಂದ 2,300ನ್ನು ನೆಚ್ಚಿ ಬರೆಯಬೇಡಿ. ‘ಕಾಲ್’ ಬಳಸಿ, ಹಣ ಕಳಿಸುವ ಮೊದಲೇ ಬ್ಯಾಲೆನ್ಸ್ ಬದಲಿಸಿ, ಮರುಪ್ರವೇಶ (ಒಂದು ಕರೆ ಮುಗಿಯುವ ಮುನ್ನವೇ ಮತ್ತೆ ಒಳಬರುವುದು) ತಡೆಯುವ ಬೀಗ ಹಾಕಿ. ಈಗಾಗಲೇ ಸಿಕ್ಕಿಬಿದ್ದಿರುವ ಕಾಂಟ್ರ್ಯಾಕ್ಟ್ ಇದ್ದರೆ, ಅದು ಮುಟ್ಟುವ ವಿಳಾಸ ಮತ್ತು ಸ್ಟೋರೇಜ್ ಜಾಗಗಳನ್ನು ವಹಿವಾಟಿನ ಆಕ್ಸೆಸ್ ಲಿಸ್ಟ್‌ನಲ್ಲಿ ಮುಂಚಿತವಾಗಿ ಕೊಟ್ಟು ನೋಡಿ. ಆಗ ಓದುವ ದರ 100ಕ್ಕೆ ಇಳಿಯುತ್ತದೆ.

ದರ ಇಳಿಸಿದರೂ ಅಪಾಯ ಇದೆ. ಕಾನ್‌ಸ್ಟಾಂಟಿನೋಪಲ್ ಅಪ್‌ಗ್ರೇಡ್ ಸ್ಟೋರೇಜ್ ಬರೆಯುವ ದರ ಇಳಿಸುವುದರಲ್ಲಿತ್ತು. ಆ ಹೊಸ ದರದಲ್ಲಿ 2,300 ಗ್ಯಾಸ್‌ನೊಳಗೇ ಬರೆಯಲು ಸಾಧ್ಯವಾಗಿ ಮರುಪ್ರವೇಶ ದಾಳಿಗೆ ದಾರಿಯಾಗುತ್ತದೆ ಎಂದು 2019ರ ಜನವರಿಯಲ್ಲಿ, ಜಾರಿಗೆ ಸ್ವಲ್ಪವೇ ಮುಂಚೆ ಗೊತ್ತಾಗಿ, ಮುಂದೂಡಿದರು. ಆ ಭಾಗವನ್ನು ಕೈಬಿಟ್ಟು ಫೆಬ್ರವರಿ 28ರಂದು 7,280,000ನೇ ಬ್ಲಾಕಿನಲ್ಲಿ ಜಾರಿ ಮಾಡಿದರು.

ಈಚಿನ ಎರಡು ಸಂಗತಿ. ಸಾಲಿಡಿಟಿ 0.8.20ರಿಂದ ಕಂಪೈಲರ್ ತಾನಾಗಿ ಶಾಂಘೈ ಅಥವಾ ಅದರ ನಂತರದ ಅಪ್‌ಗ್ರೇಡ್‌ನ ಗುರಿ ಹಿಡಿದು ‘ಪುಶ್‌0’ ಆಜ್ಞೆ ಬರೆಯುತ್ತದೆ. ಶಾಂಘೈ ಅಪ್‌ಗ್ರೇಡ್ ಆಗದ ಬೇರೆ ಸರಪಳಿಯಲ್ಲಿ ಅದೇ ಕೋಡ್ ‘ಅಮಾನ್ಯ ಆಜ್ಞೆ’ ಎಂದು ಬೀಳುತ್ತದೆ. ಕಂಪೈಲರ್ ಸೆಟ್ಟಿಂಗ್‌ನಲ್ಲಿ ಇವಿಎಂ (ಕಾಂಟ್ರ್ಯಾಕ್ಟ್ ಓಡಿಸುವ ಎಥೀರಿಯಮ್ ಯಂತ್ರ) ಆವೃತ್ತಿಯನ್ನು ಶಾಂಘೈಗಿಂತ ಹಿಂದಿನ ಪ್ಯಾರಿಸ್ ಎಂದು ಬರೆದರೆ ಸರಿಹೋಗುತ್ತದೆ. ಇನ್ನೊಂದು, ಪೆಕ್ಟ್ರಾ ನಂತರ ಸಾಮಾನ್ಯ ಖಾತೆಯೂ ಇಐಪಿ-7702 (ಇಐಪಿ ಎಂದರೆ ಎಥೀರಿಯಮ್ ಸುಧಾರಣಾ ಪ್ರಸ್ತಾವ) ಮೂಲಕ ಕೋಡ್ ಹೊರಬಲ್ಲದು. ‘ಕರೆದವರ ವಿಳಾಸದಲ್ಲಿ ಕೋಡ್ ಇಲ್ಲ, ಆದ್ದರಿಂದ ಮನುಷ್ಯರು’ ಎಂಬ ಪರೀಕ್ಷೆಯೂ, ವಹಿವಾಟಿನ ಮೂಲ ಮತ್ತು ಕರೆದವರು ಒಂದೇ ಎಂಬ ಪರೀಕ್ಷೆಯೂ ಈಗ ರಕ್ಷಣೆ ಕೊಡವು.

ಪ್ರಶ್ನೆ: ಹಾರ್ಡ್ ಫೋರ್ಕ್‌ನಿಂದ ಸರಪಳಿ ಎರಡಾದರೆ ನನ್ನ ಕಾಯಿನ್ ಎರಡೂ ಕಡೆ ಇರುತ್ತದೆ. ಒಂದು ಕಡೆ ಕಳಿಸಿದರೆ ಇನ್ನೊಂದು ಕಡೆಯದೂ ಹೋಗುತ್ತದೆ ಎಂಬ ಭಯವಿದೆ. ಬೇರ್ಪಡಿಸುವುದು ಹೇಗೆ?

ಉತ್ತರ: ಭಯ ಸರಿಯಾದದ್ದೇ. ಸಹಿಯೊಳಗೆ ‘ಇದು ಇಂಥ ಸರಪಳಿಗೆ’ ಎಂಬ ಗುರುತಿಲ್ಲದಿದ್ದರೆ ಒಂದು ಕಡೆಯ ವಹಿವಾಟನ್ನು ಯಾರಾದರೂ ಎತ್ತಿ ಇನ್ನೊಂದು ಕಡೆ ಹಾಕಬಹುದು. 2016ರ ಜುಲೈ 20ರಂದು 1,920,000ನೇ ಬ್ಲಾಕಿನಲ್ಲಿ ಎಥೀರಿಯಮ್ ಮತ್ತು ಎಥೀರಿಯಮ್ ಕ್ಲಾಸಿಕ್ ಬೇರೆಯಾದಾಗ ಇಂಥ ಗುರುತು ಇರಲಿಲ್ಲ. ಇಐಪಿ-155 ಬಂದದ್ದು ಆ ನವೆಂಬರ್‌ನಲ್ಲಿ. ಅದು ಸಹಿಯಲ್ಲಿ ಚೈನ್ ಐಡಿ ಸೇರಿಸುತ್ತದೆ: ಎಥೀರಿಯಮ್‌ಗೆ 1, ಕ್ಲಾಸಿಕ್‌ಗೆ 61. ಹಳೆಯ ಬಗೆಯ ವಹಿವಾಟಿನ ‘ವಿ’ ಬೆಲೆ 37 ಅಥವಾ 38 ಇದ್ದರೆ ಅದು ಎಥೀರಿಯಮ್‌ಗೆ ಮಾತ್ರ. 27 ಅಥವಾ 28 ಇದ್ದರೆ ಚೈನ್ ಐಡಿ ಇಲ್ಲ, ಎಲ್ಲ ಕಡೆಯೂ ನಡೆಯಬಹುದು. ಹಳೆಯ ಟೂಲ್‌ಗಳಿಂದ ಸಹಿ ಮಾಡುವವರು ಇದನ್ನು ನೋಡಲೇಬೇಕು. 2017ರ ಆಗಸ್ಟ್ 1ರಂದು ಬೇರೆಯಾದ ಬಿಟ್‌ಕಾಯಿನ್ ಕ್ಯಾಶ್ ಮೊದಲ ದಿನದಿಂದಲೇ ಸಹಿಯಲ್ಲಿ ಪ್ರತ್ಯೇಕ ಗುರುತು ಕಡ್ಡಾಯ ಮಾಡಿತ್ತು.

ಗುರುತಿಲ್ಲದ, ಬಿಟ್‌ಕಾಯಿನ್ ಮಾದರಿಯ ಸರಪಳಿಯಾದರೆ ಹೀಗೆ ಮಾಡಿ. ಬೇರೆಯಾದ ನಂತರ ಒಂದು ಸರಪಳಿಯಲ್ಲಿ ಮೈನಿಂಗ್‌ನಿಂದ ಹುಟ್ಟಿದ ಕಾಯಿನ್‌ನ ಸಣ್ಣ ಪಾಲನ್ನು ಪಡೆಯಿರಿ. ಮೈನಿಂಗ್ ಪ್ರತಿಫಲ 100 ಬ್ಲಾಕ್ ಕಳೆದ ಮೇಲಷ್ಟೇ ಕೈಬದಲಾಗುತ್ತದೆ. ಆ ಪಾಲನ್ನು ನಿಮ್ಮ ಕಾಯಿನ್ ಜತೆ ಇನ್‌ಪುಟ್ ಆಗಿ ಸೇರಿಸಿ, ನಿಮ್ಮದೇ ಹೊಸ ವಿಳಾಸಕ್ಕೆ ಕಳಿಸಿ. ಇನ್ನೊಂದು ಸರಪಳಿಯಲ್ಲಿ ಆ ಇನ್‌ಪುಟ್ ಹುಟ್ಟಿಯೇ ಇಲ್ಲ, ಆದ್ದರಿಂದ ವಹಿವಾಟು ಅಲ್ಲಿ ಸಲ್ಲದು. ಸಾಕಷ್ಟು ಕನ್‌ಫರ್ಮೇಶನ್ ಆದ ಮೇಲೆ ಇನ್ನೊಂದು ಸರಪಳಿಯ ಕಾಯಿನ್ ಅನ್ನು ಬೇರೆ ವಿಳಾಸಕ್ಕೆ ಸರಿಸಿ. ಹೊಸ ಸರಪಳಿಯ ವಾಲೆಟ್‌ಗೆ ಕೀ ಅಥವಾ ಸೀಡ್ (ಕೀಗಳು ಹುಟ್ಟುವ ಬೀಜ) ಕೊಡುವುದು ಕೊನೆಯ ಹೆಜ್ಜೆ. ಮೊದಲು ಬೆಲೆಯುಳ್ಳ ಕಾಯಿನ್ ಅನ್ನು ಹೊಸ ಸೀಡ್‌ಗೆ ಸಾಗಿಸಿ, ಖಾಲಿಯಾದ ಹಳೆಯ ಸೀಡ್ ಮಾತ್ರ ಆ ಹೊಸ ವಾಲೆಟ್‌ಗೆ ಹೋಗಲಿ.

ಪ್ರಶ್ನೆ: ನನಗೆ ಕೊಟ್ಟ ಬಿಟ್‌ಕಾಯಿನ್ ವಿಳಾಸ ‘ಬಿ-ಸಿ-1-ಪಿ’ ಎಂದು ಶುರುವಾಗುತ್ತದೆ. ನನ್ನ ವಾಲೆಟ್ ಅದನ್ನು ತಪ್ಪು ವಿಳಾಸ ಎನ್ನುತ್ತಿದೆ.

ಉತ್ತರ: ಅದು ಟ್ಯಾಪ್‌ರೂಟ್ ವಿಳಾಸ, ನಿಮ್ಮ ವಾಲೆಟ್ ಹಳೆಯದು. ಮೊದಲಿನ ಬೆಕ್32 ರೂಪದಲ್ಲಿ ಒಂದು ದೋಷವಿತ್ತು: ವಿಳಾಸದ ಕೊನೆಯಕ್ಷರ ‘ಪಿ’ ಆಗಿದ್ದರೆ ಅದರ ಹಿಂದೆ ‘ಕ್ಯು’ ಸೇರಿಸಿದರೂ ತೆಗೆದರೂ ತಪ್ಪು ಪತ್ತೆಯಾಗುತ್ತಿರಲಿಲ್ಲ. ಮೊದಲ ತಲೆಮಾರಿನ ಸೆಗ್‌ವಿಟ್ ವಿಳಾಸಗಳಿಗೆ ಉದ್ದ ನಿಗದಿಯಾಗಿದ್ದರಿಂದ ಅಪಾಯವಾಗಲಿಲ್ಲ. ಟ್ಯಾಪ್‌ರೂಟ್‌ನಿಂದಾಚೆಗೆ ಬೆಕ್32ಎಂ ಎಂಬ ತಿದ್ದಿದ ರೂಪ ಬಂತು. ಹಳೆಯ ವಾಲೆಟ್ ಹಳೆಯ ಲೆಕ್ಕದಲ್ಲಿ ಚೆಕ್‌ಸಮ್ ಹಾಕಿ ಹೊಂದಿಕೆಯಾಗದೆ ತಳ್ಳುತ್ತದೆ, ಹಣಕ್ಕೇನೂ ಆಗುವುದಿಲ್ಲ. ವಾಲೆಟ್ ಅಪ್‌ಗ್ರೇಡ್ ಮಾಡಿ, ಇಲ್ಲವಾದರೆ ಪಡೆಯುವವರಿಂದ ‘ಬಿ-ಸಿ-1-ಕ್ಯು’ ವಿಳಾಸ ಕೇಳಿ. ವಿಳಾಸವನ್ನು ಕೈಯಾರೆ ತಿದ್ದಲು ಮಾತ್ರ ಹೋಗಬೇಡಿ.

ಪ್ರಶ್ನೆ: ನೋಡ್‌ಗಳ ನಡುವಿನ ಮಾತುಕತೆ ಈಗ ಗೂಢಲಿಪೀಕರಣವಾಗಿದೆಯಂತೆ. ಹಳೆಯ ನೋಡ್ ಜತೆ ಸಂಪರ್ಕ ತಪ್ಪುತ್ತದೆಯೆ?

ಉತ್ತರ: ತಪ್ಪುವುದಿಲ್ಲ. ಇದು ಬ್ಲಾಕಿನ ನಿಯಮವಲ್ಲ, ಬರೀ ಸಾಗಣೆಯ ಬಗೆ. ಎರಡು ನೋಡ್‌ಗಳು ತಮ್ಮೊಳಗೆ ತೀರ್ಮಾನಿಸಿಕೊಳ್ಳಬಹುದಾದದ್ದು. ಬಿಪ್ 324 ಬಿಟ್‌ಕಾಯಿನ್ ಕೋರ್ 27.0ರಿಂದ ತಾನಾಗಿ ಚಾಲೂ ಇರುತ್ತದೆ. ಬೆಂಬಲವಿರುವ ನೋಡ್ ತನ್ನ ಸೇವಾ ಪಟ್ಟಿಯಲ್ಲಿ 2048 ಬೆಲೆಯ ಬಿಟ್ ಎತ್ತಿರುತ್ತದೆ. ಹೊಸ ಬಗೆಯಲ್ಲಿ ಕರೆದಾಗ ಎದುರಿನದು ಸಂಪರ್ಕ ಕಡಿದರೆ ನಿಮ್ಮ ನೋಡ್ ಹಳೆಯ ಬಗೆಯಲ್ಲಿ ಮತ್ತೆ ಕರೆಯುತ್ತದೆ. ‘ಗೆಟ್‌ಪೀರ್‌ಇನ್ಫೋ’ ಉತ್ತರದಲ್ಲಿ ಪ್ರತಿ ಪೀರ್ ಎದುರು ವಿ1 ಅಥವಾ ವಿ2 ಎಂದು ಕಾಣುತ್ತದೆ. ನಿಮ್ಮ ನೋಡ್ 27.0ಕ್ಕಿಂತ ಹೊಸದಾಗಿದ್ದೂ ಎಲ್ಲ ಪೀರ್‌ಗಳೂ ವಿ1 ಎಂದೇ ಇದ್ದರೆ, ಸೆಟ್ಟಿಂಗ್ ಫೈಲಿನಲ್ಲಿ ‘ವಿ2ಟ್ರಾನ್ಸ್‌ಪೋರ್ಟ್’ ಮುಂದೆ ಸೊನ್ನೆ ಬರೆದಿದೆಯೇ ನೋಡಿ ತೆಗೆದುಹಾಕಿ.